ಒಲೆ ಇರುವ ಗಾಡಿ

ಮಕ್ಕಳೇ, ಕಳೆದ ವಾರ ಫೋನಿನಲ್ಲಿ ನೀವಿಬ್ಬರೂ ಕೇಳಿದಿರಿ, "ಅಮ್ಮಮ್ಮ, ನೀನು ನಮ್ಮನೆಗೆ ಎಂತಕ್ಕೆ ಬತ್ತಿಲ್ಲೆ?" ಎಂದು. ಮೊಣಕಾಲು ನೋವು ಎಂದುಬಿಟ್ಟೆ. ಅದು ಸುಳ್ಳು. ಮೊಣಕಾಲು ನೋವಿರುವುದು ನಿಜ, ಆದರೆ ಅದೇ ಕಾಲಿನಲ್ಲಿ ಸಿದ್ದಾಪುರದಿಂದ ಶಿರಸಿಗೆ, ಅಲ್ಲಿಂದ ಹುಲೇಕಲ್‌ನ ನನ್ನ ತಂಗಿಯ ಮನೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬರುತ್ತೇನೆ. ಯಲ್ಲಾಪುರದ ಬಸ್ಸು ಮಾತ್ರ ಹತ್ತಿಲ್ಲ. ನಾಲ್ಕು ವರ್ಷವಾಯಿತು. ಅದಕ್ಕೆ ಕಾರಣ ನಿಮ್ಮ ಅಜ್ಜ, ಅಂದರೆ ನಿಮ್ಮ ಅಪ್ಪಯ್ಯನ ಅಪ್ಪ, ಮತ್ತು ನಿಮ್ಮ ಮನೆಯ ಅಂಗಳದ ಮೂಲೆಯಲ್ಲಿ ನಿಂತಿರುವ ಆ ಗಾಡಿ.

ಬಾಯಿಂದ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಎದುರಿಗಿದ್ದರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ. ಮನ್ಮನೆಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು ನಾನು. ಅಲ್ಲಿಯೂ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ ಮಾಡುತ್ತಿದ್ದೇನೆ.

ನಿಮ್ಮ ಅಜ್ಜ ನಿಮಗೆ ಒಳ್ಳೆಯ ಅಜ್ಜ. ಅದನ್ನು ಕೆಡಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಅವರು ನನಗೆ ಒಳ್ಳೆಯ ಬೀಗರಲ್ಲ, ನಾನೂ ಅವರಿಗೆ ಒಳ್ಳೆಯ ಬೀಗಿತ್ತಿಯಲ್ಲ. ನಿಮ್ಮ ಆಯಿಯ, ಅಂದರೆ ನನ್ನ ಮಗಳ, ಮದುವೆಯ ದಿನ, ಊಟದ ಪಂಕ್ತಿಯಲ್ಲಿ ಯಾರೋ "ಹೆಣ್ಣಿನ ಅಪ್ಪಯ್ಯ ಎಂತ ಮಾಡ್ತ?" ಎಂದು ಕೇಳಿದಾಗ ಅವರು ಎಲ್ಲರಿಗೂ ಕೇಳುವಂತೆ "ಅಂವ ತಂತಿ ಸುತ್ತಂವ" ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನು ಪಾಯಸದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ.

ಮಾತು ಸುಳ್ಳೇನೂ ಅಲ್ಲ. ನಿಮ್ಮ ಸಿದ್ದಾಪುರದ ಅಜ್ಜ ಸುಟ್ಟ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದರು. ಅಂಗಡಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಅವರು ಸುತ್ತುತ್ತಿದ್ದುದರಲ್ಲಿ ಅರ್ಧ ನಾನು ಸುತ್ತಿದ್ದೇನೆ. ತಾಮ್ರದ ತಂತಿಯ ಕೆಳಗೆ ಕಾಗದ ಮಡಿಸಿ ಇಡುವುದು, ದಾರ ಬಿಗಿಯುವುದು, ಕೊನೆಗೆ ವಾರ್ನಿಷ್ ಹಚ್ಚುವುದು. ಮಾತಾಡಬೇಕಾಗಿಲ್ಲದ ಕೆಲಸ, ನನಗೆ ಸರಿಹೊಂದಿತು. ಸುತ್ತಿ ಮುಗಿದ ಮೋಟರನ್ನು ಅವರು ಹಾಗೇ ಗಿರಾಕಿಗೆ ಕೊಡುತ್ತಿರಲಿಲ್ಲ. ಕರೆಂಟಿಗೆ ಕೊಟ್ಟ ಒಂದು ಬಲ್ಬಿನಿಂದ ಎರಡು ತಂತಿಯ ತುದಿ ತೆಗೆದು, ಒಂದು ತುದಿಯನ್ನು ಒಳಗಿನ ತಂತಿಗೂ ಇನ್ನೊಂದನ್ನು ಮೋಟರಿನ ಕಬ್ಬಿಣಕ್ಕೂ ಮುಟ್ಟಿಸುತ್ತಿದ್ದರು. ಬಲ್ಬು ಹತ್ತಿದರೆ ಕರೆಂಟು ಕಬ್ಬಿಣಕ್ಕೆ ಬಂದಿದೆ ಎಂದು ಅರ್ಥ. ಅಂಥ ಮೋಟರು ಓಡುತ್ತದೆ, ನೀರನ್ನೂ ಎತ್ತುತ್ತದೆ, ಮುಟ್ಟಿದವರನ್ನು ಮಾತ್ರ ಕೊಲ್ಲುತ್ತದೆ. "ಓಡ್ತು ಹೇಳಿ ನಂಬಡ" ಎನ್ನುತ್ತಿದ್ದರು. ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ಅನುಮಾನವಿರುವ ಯಾವುದನ್ನೂ ಅಂಗೈಯಿಂದ ಮುಟ್ಟಬಾರದು, ಮುಟ್ಟಲೇಬೇಕಾದರೆ ಹಿಂಗೈ. ಕರೆಂಟು ಅಂಗೈಯನ್ನು ಮುಷ್ಟಿ ಕಟ್ಟಿಸುತ್ತದೆ, ಹಿಡಿದದ್ದು ಬಿಡಲಾಗುವುದಿಲ್ಲ.

ಅವರು ಎದೆನೋವಿನಿಂದ ಹೋದರು, ಕರೆಂಟಿನಿಂದಲ್ಲ. ಇದನ್ನು ಯಾಕೆ ಹೇಳುತ್ತೇನೆ ಎಂದು ಮುಂದೆ ತಿಳಿಯುತ್ತದೆ.

ನಿಮ್ಮ ಅಜ್ಜ ಆ ಗಾಡಿ ತಂದಾಗ ಮಗಳೇ, ನೀನು ಮೂರನೇ ಇಯತ್ತೆಯಲ್ಲಿದ್ದೆ. ನಿನ್ನ ತಮ್ಮ ಇನ್ನೂ ಸೊಂಟದ ಮೇಲಿದ್ದ. ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಡಿ, ಯಾರೋ ವಾಪರಿಸಿ ಬಿಟ್ಟದ್ದು. ಒಳಗೆ ಎರಡು ಹಾಸಿಗೆ, ಒಂದು ಬಚ್ಚಲು, ಒಂದು ಗ್ಯಾಸಿನ ಒಲೆ. ನೆತ್ತಿಯ ಮೇಲೆ ಏಸಿ, ಅದಕ್ಕೆ ಕರೆಂಟು ಮನೆಯಿಂದ ಎಳೆದ ತಂತಿಯಲ್ಲಿ. ಜಲಪಾತ ನೋಡಲು ಬರುವವರಿಗೆ ಅದನ್ನು ದಿನದ ಲೆಕ್ಕದಲ್ಲಿ ಕೊಡುವುದೆಂದು ಅವರ ಯೋಚನೆ. ಅದಕ್ಕೆ ಮೊದಲು ವಾಹನಪೂಜೆ ಮಾಡಿ, ನೆಂಟರಿಗೆಲ್ಲ ಊಟ ಹಾಕಬೇಕು. ಅಡುಗೆಗೆ ಕೈ ಬೇಕಾಗಿತ್ತು, ನಿಮ್ಮ ಆಯಿ ನನಗೆ ಬರಹೇಳಿದಳು. ಮೇ ತಿಂಗಳ ಸೆಕೆಯಲ್ಲಿ ನಾನು ಪೂಜೆಗೆ ಮೂರು ದಿನ ಮೊದಲೇ ಬಂದೆ.

ಬಂದ ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮ ಅಜ್ಜ ನಿಮ್ಮ ಅಪ್ಪಯ್ಯನ ಮುಂದೆ ತಮ್ಮ ಶೌರ್ಯ ಹೇಳುತ್ತಿದ್ದರು. ಮಳೆಗಾಲ ಹತ್ತಿರ ಬಂತೆಂದು ಏಸಿಯ ಮೇಲೆ ತಗಡಿನ ಮುಚ್ಚಿಗೆ ಮಾಡಿದ್ದರಂತೆ. ನಮ್ಮ ಕಡೆಯವರ ಬುದ್ಧಿಯೇ ಅದು. ರೋಹಿಣಿ ಮಳೆ ಬರುವುದರೊಳಗೆ ಕಟ್ಟಿಗೆ, ಪಂಪು, ಹುಲ್ಲಿನ ಬಣವೆ, ತುಳಸಿಕಟ್ಟೆ, ಕಣ್ಣಿಗೆ ಕಂಡದ್ದಕ್ಕೆಲ್ಲ ಒಂದು ತಲೆ ಮುಚ್ಚಬೇಕು. ಮುಚ್ಚಿದ್ದು ಸರಿಯೇ. ಆದರೆ ಅಂದಿನಿಂದ ಏಸಿ ಹಾಕಿದ ಕೂಡಲೇ ಫ್ಯೂಸು ಹೋಗತೊಡಗಿತಂತೆ.

"ನಾಲ್ಕು ಸಲ ಫ್ಯೂಸ್ ಹೋತು. ಆಮೇಲೆ ಪ್ಲಗ್ ಬಿಚ್ಚಿ ನೋಡಿದೆ. ಮೂರು ತಂತಿ ಇದ್ದು. ಕರೆಂಟು ಹೋಪ್ಲೆ ಒಂದು, ಬಪ್ಪಲೆ ಒಂದು, ಸಾಕಲ. ಮೂರ್ನೇದು ಎಂತಕ್ಕೆ? ಹಸ್ರು ತಂತಿ ಕತ್ತರಿಸಿ ಒಗದೆ. ಮತ್ತೆ ಒಂದ್ಸಲಾನೂ ಹೋಯ್ದಿಲ್ಲೆ. ಈ ರಿಪೇರಿಗೆ ಪ್ಯಾಟೆಂವ ಬಂದಿದ್ರೆ ಎರಡು ದಿನ ಕೂತು ಊಟ ಮಾಡ್ತಿದ್ದ!"

ನಾನು ಅನ್ನ ಬಡಿಸುತ್ತಿದ್ದೆ. ಸೌಟು ಕೈಯಲ್ಲೇ ನಿಂತಿತು. ಹಸಿರು ತಂತಿ ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ದಾರಿ ತಪ್ಪಿ ಕಬ್ಬಿಣಕ್ಕೆ ಬಂದ ಕರೆಂಟನ್ನು ಅದು ನೆಲಕ್ಕೆ ಒಯ್ಯುತ್ತದೆ. ಆಗ ಫ್ಯೂಸು ಸುಟ್ಟು ಎಲ್ಲವೂ ಬಂದಾಗುತ್ತದೆ. ಹೋಗುತ್ತಿದ್ದ ಫ್ಯೂಸು ಕೂಗುತ್ತಿದ್ದ ನಾಯಿಯ ಹಾಗೆ. ಅವರು ಕಳ್ಳನನ್ನು ಹುಡುಕದೆ ನಾಯಿಯ ಬಾಯಿ ಕಟ್ಟಿದ್ದರು. ಗಾಡಿಯ ಚಕ್ರ ರಬ್ಬರಿನದು, ಜೀಪಿಗೆ ಸಿಗಿಸುವ ಮೂಕಿಯ ಕೆಳಗೆ ಇಟ್ಟದ್ದು ಮರದ ದಿಮ್ಮಿ. ಕರೆಂಟಿಗೆ ಇಳಿದು ಹೋಗಲು ಬೇರೆ ದಾರಿಯೇ ಇಲ್ಲ. ನೆಲದಲ್ಲಿ ನಿಂತು ಯಾರಾದರೂ ಗಾಡಿ ಮುಟ್ಟಿದರೆ ಅವರೇ ದಾರಿ.

ಹೇಳಬೇಕಿತ್ತು. ಹೇಳಲಿಲ್ಲ. "ಭಾವ ಇನ್ನೊಂಚೂರು ಅನ್ನ ಹಾಕ್ಲನ?" ಎಂದು ಕೇಳಿದೆ, ಅಷ್ಟೇ. ಈ ಬರಹದಲ್ಲಿ ಅವರ ತಪ್ಪುಗಳ ಜೊತೆ ನನ್ನ ಆ ತಪ್ಪೂ ಇರಲಿ.

ಪೂಜೆಯ ಹಿಂದಿನ ದಿನ ಗಾಡಿಯ ಒಳಗೆ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರಿಗಾಲಲ್ಲಿ ಹತ್ತಿದೆ. ಒಲೆ ಇರುವಲ್ಲಿಗೆ ಚಪ್ಪಲಿ ಹಾಕಿಕೊಂಡು ಹೋಗಿ ನನಗೆ ಅಭ್ಯಾಸವಿಲ್ಲ. ಅದು ಚಕ್ರದ ಮೇಲಿದ್ದರೂ ಅಡುಗೆಮನೆ ಅಡುಗೆಮನೆಯೇ. ನಿಮ್ಮ ಅಜ್ಜ ಏಸಿ ಹಾಕಿಟ್ಟಿದ್ದರು. ಒಳಗೆ ತಣ್ಣಗಿತ್ತು, ಒರೆಸುವಾಗ ಏನೂ ಆಗಲಿಲ್ಲ. ತಂತಿಯ ಮೇಲೆ ಕೂತ ಹಕ್ಕಿಗೆ ಏನೂ ಆಗುವುದಿಲ್ಲವಲ್ಲ, ಹಾಗೆ. ಬಲಗೈಯಲ್ಲಿ ಬಕೆಟ್, ಎಡಗೈಯಲ್ಲಿ ಒದ್ದೆ ಬಟ್ಟೆ ಹಿಡಿದು ಇಳಿದೆ. ಒಂದು ಕಾಲು ಒದ್ದೆ ನೆಲ ಮುಟ್ಟಿತು. ಎಡ ಮೊಣಕೈ ಬಾಗಿಲಿನ ಲೋಹದ ಚೌಕಟ್ಟಿಗೆ ತಾಗಿತು.

ಯಾರೋ ಒನಕೆಯಿಂದ ಭುಜಕ್ಕೆ ಹೊಡೆದ ಹಾಗಾಯಿತು. ಬಕೆಟ್ ಒಂದು ಕಡೆ, ನಾನು ಒಂದು ಕಡೆ ಬಿದ್ದೆವು. ಕೈ ಎರಡೂ ತುಂಬಿದ್ದರಿಂದ ಬದುಕಿದೆ. ಖಾಲಿ ಇದ್ದಿದ್ದರೆ ಇಳಿಯುವಾಗ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ.

ನಿಮ್ಮ ಅಜ್ಜ ಎಲೆಯಡಿಕೆಯ ಕವಳ ಅಗಿಯುತ್ತ ಜಗಲಿಯ ಮೇಲೆ ಬಂದು ನಿಂತರು.

"ಎಂತ ಅತ್ಗೆ, ಗಾಡಿಗೆ ಅಡ್ಡ ಬಿದ್ದು ನಮಸ್ಕಾರ ಮಾಡ್ತಾ ಇದ್ರನ? ಪೂಜೆ ನಾಳೆ."

"ಕರೆಂಟು ಹೊಡತ್ತು" ಎಂದೆ. ನಾಲಿಗೆ ತೊದಲುತ್ತಿತ್ತು.

ಅವರು ಇಳಿದು ಬಂದು ಹಿಡಿಕೆಯನ್ನು ಅಂಗೈಯಿಂದ ಹಿಡಿದರು. "ನೋಡಿ. ಯಂಗೆ ಎಂತೂ ಆಗ್ತಿಲ್ಲೆ. ನಿಂಗಕ್ಕೆ ಮಾತ್ರ ಹೊಡೀತು ಹೇಳಾದ್ರೆ ಕರೆಂಟಿಗೂ ಮನ್ಷರ ಗುರ್ತ ಸಿಕ್ತು ಹೇಳಾತು."

"ನಿಂಗೊ ಚಪ್ಪಲಿ ಹಾಕಿದ್ರಿ ಭಾವ."

"ಗಾಡಿಗೆ ಚಪ್ಪಲಿ ಹಾಕ್ಯಂಡೇ ಹತ್ತದು. ಜೀಪಿಗೆ ಚಪ್ಪಲಿ ಬಿಟ್ಟು ಹತ್ತಿದ್ದು ಯಾರನ್ನಾರೂ ಕಂಡಿದ್ರ?"

"ಇದ್ರಲ್ಲಿ ಒಲೆ ಇದ್ದಲ."

"ಒಲೆ ಇದ್ದಲ್ಲೆಲ್ಲ ಮನೆ ಹೇಳಾದ್ರೆ ಚಾದಂಗಡಿನೂ ಯನ್ನ ಮನೆಯೇ!"

ಮಾತಿನಲ್ಲಿ ಗೆದ್ದು ಅವರು ಒಳಗೆ ಹೋದರು. ಗಾಡಿ ತಂದಂದಿನಿಂದ ಅದನ್ನು ಮುಟ್ಟಿದವರೆಲ್ಲ ರಬ್ಬರಿನ ಚಪ್ಪಲಿಯಲ್ಲೇ ಮುಟ್ಟಿದ್ದರು. ಬರಿಗಾಲಿನ ಪೂಜೆ ಮರುದಿನ ಇತ್ತು. ಅಂಗಳಕ್ಕೆ ಸಗಣಿ ಸಾರಿಸುತ್ತಾರೆ, ನೆಲ ಹಸಿಯಾಗಿರುತ್ತದೆ. ಎಲ್ಲರೂ ಚಪ್ಪಲಿ ಬಿಟ್ಟು, ಕಾಲು ತೊಳೆದು ಬರುತ್ತಾರೆ. ಆ ಕಾಲಿನಲ್ಲಿ ನಿಂತು ಗಾಡಿಗೆ ಕುಂಕುಮ ಹಚ್ಚುತ್ತಾರೆ. ಮತ್ತೆ ಆರತಿ ಎತ್ತುವುದು ಯಾರು ಗೊತ್ತೇ? ನೀನು, ಮಗಳೇ. ಹಸಿರು ಪರಕಾರ ಹೊಲಿಸಿ ಇಟ್ಟಾಗಿತ್ತು. ಆರತಿಯಾದ ಮೇಲೆ ನೀನೇ ಮೊದಲು ಹಿಡಿಕೆ ಹಿಡಿದು ಬಲಗಾಲಿಟ್ಟು ಹತ್ತಬೇಕೆಂದು ನಿನ್ನ ಅಜ್ಜನ ಆಸೆ.

ಸಂಜೆ ನಿಮ್ಮ ಅಪ್ಪಯ್ಯ ಟೆಸ್ಟರ್ ತಂದು ಬಾಗಿಲಿಗೆ ಹಿಡಿದ. ದೀಪ ಹತ್ತಿತು. "ಅಪ್ಪಯ್ಯ, ಇಲ್ಲಿ ಇದ್ದು" ಎಂದ.

"ಆ ಟೆಸ್ಟರ್ ಗೋಡೆಗೆ ಹಿಡದ್ರೂ ಹತ್ತುತ್ತು. ಮೂರು ಕಾಸಿನ ಸಾಮಾನು."

ಅಷ್ಟರಲ್ಲಿ ದೊಡ್ಮನೆಯ ನೆಂಟರು ಬಂದಿಳಿದಿದ್ದರು. ಅವರ ಮುಂದೆಯೇ ನಿಮ್ಮ ಅಜ್ಜ ನನ್ನ ಕಡೆ ತಿರುಗಿದರು. "ಶುಭಕಾರ್ಯ ಎದುರಿಗೆ ಇಟ್ಕಂಡು ಹಿಂಗೆಲ್ಲ ಬಾಯಿ ಬಿಡಲಾಗ ಅತ್ಗೆ. ಗಂಡ ಹೋದ್ಮೇಲೆ ಕೆಲವ್ರಿಗೆ ಎಲ್ಲದ್ರಲ್ಲೂ ಸಾವೇ ಕಾಣ್ತಡ. ನಾಳೆ ನಿಂಗೊ ಅಡುಗೆಮನೇಲೇ ಇದ್ರೆ ಒಳ್ಳೇದು."

ನೆಂಟರಲ್ಲಿ ಒಬ್ಬರು ಪಿಸುಗುಟ್ಟಿದರು, "ಪಾಪ, ಅವ್ರ ಯಜಮಾನ್ರು ಕರೆಂಟು ಹೊಡದೇ ಹೋದ್ದಡ" ಎಂದು. ಯಾರು ಹಬ್ಬಿಸಿದ್ದೋ ನಾನು ಕೇಳಲಿಲ್ಲ.

ಹಿತ್ತಲ ಬಾಗಿಲಲ್ಲಿ ನಿಮ್ಮ ಆಯಿಗೆ ಹೇಳಿದೆ, ನಾಳೆ ಏಸಿಯ ಸ್ವಿಚ್ಚು ಬಂದ್ ಇರಲಿ, ಅಷ್ಟು ಸಾಕು. ಅವಳು ನನ್ನ ಮುಖ ನೋಡದೆ ಹೇಳಿದಳು: "ಬಂದ್ ಮಾಡ್ತೆ ಆಯಿ. ಆದ್ರೆ ನೀನು ಮಾತಾಡಡ. ನೀನು ನಾಡಿದ್ದು ಹೋಗ್ತೆ. ಆನು ಇಲ್ಲೇ ಬಾಳಕು."

ಬೆಳಿಗ್ಗೆ ಅವಳು ಬಂದ್ ಮಾಡಿದಳು. ಹತ್ತು ನಿಮಿಷದಲ್ಲಿ ನಿಮ್ಮ ಅಜ್ಜ ಕೂಗಿದರು, "ಯಾರು ಬಂದ್ ಮಾಡಿದ್ದು? ಬಂದವ್ರಿಗೆ ತಂಪು ಗೊತ್ತಾಗಡ್ದ?" ಮತ್ತೆ ಹಾಕಿದರು. ನೆತ್ತಿಯ ಮೇಲೆ ಏಸಿ ಗುಂಯ್‌ಗುಡತೊಡಗಿತು.

ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಸಗಣಿ ಸಾರಿಸಿದ ಅಂಗಳ ಇನ್ನೂ ಹಸಿ. ಅದರ ಮೇಲೆ ರಂಗೋಲಿ. ಗಾಡಿಯ ಮೂತಿಗೆ ಸೇವಂತಿಗೆ ಹಾರ. ಗಾಡಿಯ ಪಕ್ಕದಲ್ಲೇ ಕಾಯಿ ಸುಲಿಯಲು ನೆಟ್ಟ ಕಬ್ಬಿಣದ ಹಾರೆ ಹಾಗೇ ನಿಂತಿತ್ತು. ಭಟ್ಟರು ಬಂದು ಮಣೆಯ ಮೇಲೆ ಕೂತರು. ನೆಂಟರು ಚಪ್ಪಲಿಗಳನ್ನು ಜಗಲಿಯ ಕೆಳಗೆ ಬಿಟ್ಟು ಸಾಲಾಗಿ ನಿಂತರು. ನಿಮ್ಮ ಅಜ್ಜನೂ ತಮ್ಮ ದಪ್ಪ ಅಟ್ಟೆಯ ಹವಾಯಿ ಚಪ್ಪಲಿ ಬಿಟ್ಟು, ಚೊಂಬಿನ ನೀರಿನಲ್ಲಿ ಕಾಲು ತೊಳೆದುಕೊಂಡರು. ಅವರ ಹಿಂದೆ ನೀನು ಬಂದು ಕಾಲು ತೊಳೆದೆ. ಬೆಳ್ಳಿಯ ಗೆಜ್ಜೆ ಒದ್ದೆಯಾಗಿ ಹೊಳೆಯುತ್ತಿತ್ತು.

ನಾನು ಬಚ್ಚಲಿಗೆ ಓಡಿದೆ. ಅಲ್ಲಿ ಗೂಟಕ್ಕೆ ತೂಗಿದ ಬಲ್ಬು, ಅದರ ಹೋಲ್ಡರು, ಅದಕ್ಕೆ ಎರಡು ಮಾರು ತಂತಿ. ಸ್ವಿಚ್ಚು ಆರಿಸಿ, ಪ್ಲಗ್ಗು ತೆಗೆದು, ಗಾಳದ ದಾರ ಸುತ್ತುವವರ ಹಾಗೆ ಅದನ್ನು ಸುತ್ತಿ ಎತ್ತಿಕೊಂಡೆ. ಈಳಿಗೆಮಣೆಯಲ್ಲಿ ಪ್ಲಗ್ಗು ಕತ್ತರಿಸಿ ಎರಡು ತುದಿಯ ತಾಮ್ರ ಬಿಡಿಸಿದೆ. ಮೂವತ್ತು ವರ್ಷ ಮಾಡಿದ ಕೆಲಸ, ಕೈಗೆ ಕಣ್ಣು ಬೇಕಾಗಲಿಲ್ಲ.

ಜಗಲಿಗೆ ಬಂದು ಚಪ್ಪಲಿಗಳನ್ನು ನೋಡಿದೆ. ನನ್ನದು ಬಸ್ಸಿಗೆ ಹಾಕುವ ಚರ್ಮದ ಹಳೆಯ ಚಪ್ಪಲಿ, ಅಟ್ಟೆ ತೂತು. ಇದ್ದುದರಲ್ಲಿ ದಪ್ಪ ರಬ್ಬರಿನದು ನಿಮ್ಮ ಅಜ್ಜನದು. ಅದರಲ್ಲೇ ಕಾಲು ತೂರಿಸಿದೆ. ನನಗೆ ಅದು ದೋಣಿಯಷ್ಟು ದೊಡ್ಡದು. ಗಂಡನಿಲ್ಲದವಳು, ಅಡುಗೆಮನೆಯಲ್ಲಿರು ಎಂದು ಹೇಳಿಸಿಕೊಂಡವಳು, ಬೀಗರ ಚಪ್ಪಲಿ ಮೆಟ್ಟಿ, ರಂಗೋಲಿ ತುಳಿದು, ಪೂಜೆಯ ನಡುವೆ ಚಟಪಟ ಸದ್ದು ಮಾಡುತ್ತ ನಡೆದೆ. ಆ ಸದ್ದು ನನಗೆ ಇವತ್ತೂ ಕೇಳುತ್ತದೆ.

"ಭಾವ, ಗಾಡಿ ಮುಟ್ಟಡಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವರ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ನಾನು ಒಂದು ತಂತಿಯನ್ನು ಹಾರೆಗೆ ಸುತ್ತಿದೆ. ಇನ್ನೊಂದರ ರಬ್ಬರಿನ ಭಾಗ ಹಿಡಿದು, ತಾಮ್ರದ ತುದಿಯನ್ನು ಬಾಗಿಲಿನ ತಿರುಗಣಿಗೆ ಮುಟ್ಟಿಸಿದೆ.

ಬಲ್ಬು ಹತ್ತಿತು. ಬಚ್ಚಲಲ್ಲಿ ಹತ್ತುವಷ್ಟೇ ಬೆಳಕಾಗಿ, ಹಾಡುಹಗಲಲ್ಲಿ, ಪೂಜೆಯ ಗಾಡಿಯಿಂದ.

ನಿಮ್ಮ ಅಜ್ಜನಿಗೇ ಮೊದಲು ಮಾತು ಬಂತು. "ಆ ಹಾರೆಯಲ್ಲೇ ಕರೆಂಟು ಇದ್ದು!"

ಭಟ್ಟರು ಮಣೆಯಿಂದ ಎದ್ದು ದೂರ ಸರಿಯುತ್ತ ಹೇಳಿದರು, "ಹಂಗಾದ್ರೆ ಭಾವ, ಬೆಳಿಗ್ಗೆಯಿಂದ ಅದ್ರಲ್ಲಿ ನಲವತ್ತು ಕಾಯಿ ಸುಲ್ದಂವ ಇಷ್ಟೊತ್ತಿಗೆ ಸ್ವರ್ಗದಲ್ಲಿ ಇರಕಾಗಿತ್ತು."

ಕಾಯಿ ಸುಲಿದ ಮುದುಕಪ್ಪ ಅಲ್ಲೇ ಬೀಡಿ ಸೇದುತ್ತ ಕೂತಿದ್ದ. "ಇಲ್ಲೇ ಇದ್ದೆ ಒಡೆಯಾ" ಎಂದು ಕೈ ಎತ್ತಿದ. ಯಾರೋ ನಕ್ಕರು. ನಕ್ಕದ್ದು ತಪ್ಪಾಯಿತು. ನಿಮ್ಮ ಅಜ್ಜನ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು.

"ಸ್ವಿಚ್ಚು ಬಂದ್ ಮಾಡು" ಎಂದು ನಿಮ್ಮ ಅಪ್ಪಯ್ಯನಿಗೆ ಹೇಳಿದೆ. ಅವನು ಮಾಡಿದ. ಬಲ್ಬು ಆರಿತು. "ಹಾಕು." ಹತ್ತಿತು. ಮೂರು ಸಲ ಮಾಡಿಸಿದೆ. ಎರಡು ಸಲ ಸಾಕಿತ್ತು. ಮೂರನೆಯದು ಮದುವೆಯ ಪಂಕ್ತಿಗೆ.

"ಮುಹೂರ್ತ ಹೋತು" ಎಂದರು ನಿಮ್ಮ ಅಜ್ಜ. "ಇಷ್ಟಕ್ಕೇ ಕಾದಿದ್ರು ಇವು. ಮಗಳ ಮನೆ ಹಾಳಾಗ್ಲಿ ಹೇಳಿಯೇ ಬಂದಿದ್ದು."

ನಾನು ನಿಮ್ಮ ಅಪ್ಪಯ್ಯನನ್ನು ನೋಡಿದೆ. ಆ ಮನೆಯಲ್ಲಿ ಅವನು ಅಪ್ಪನಿಗೆ ಎದುರಾಡಿದ್ದನ್ನು ನಾನು ಕಂಡವಳಲ್ಲ. ಅವನು ನಿನ್ನನ್ನು ಎತ್ತಿ ಜಗಲಿಯ ಮೇಲೆ ಕೂರಿಸಿ, "ಅತ್ತೆ, ಎಂತ ಮಾಡಕು ಹೇಳಿ" ಎಂದ.

ಗಾಡಿಯ ಪ್ಲಗ್ಗನ್ನೇ ಕಿತ್ತು ಹಾಕಿಸಿದೆ. ಮರದ ಏಣಿ ಇಡಿಸಿದೆ. ಏಸಿಯ ಮೇಲೆ ನಿಮ್ಮ ಅಜ್ಜ ಮಾಡಿದ ತಗಡಿನ ಮುಚ್ಚಿಗೆ ಚೆನ್ನಾಗಿಯೇ ಇತ್ತು, ಎಂಟು ಉದ್ದನೆಯ ಸ್ಕ್ರೂ ಹೊಡೆದು ಬಿಗಿದಿದ್ದರು. ಫ್ಯೂಸು ಹೋಗಲು ಶುರುವಾದದ್ದು ಮುಚ್ಚಿಗೆ ಆದ ಮೇಲೆ ಎಂಬುದು ನನ್ನ ತಲೆಯಲ್ಲಿತ್ತು. ಬಲ್ಬನ್ನು ಮನೆಯ ಕರೆಂಟಿಗೆ ಕೊಟ್ಟು ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆ ಎರಡು ತುದಿ ಮಾಡಿಕೊಂಡೆ. ಕೈಯಲ್ಲಿ ಹಿಡಿಯುವ ಹಾಗಿರಲಿಲ್ಲ. ಒಂದನ್ನು ಕಿತ್ತ ಪ್ಲಗ್ಗಿನ ಕಾಲಿಗೆ, ಇನ್ನೊಂದನ್ನು ಗಾಡಿಯ ಮೈಗೆ ಕಟ್ಟಿದ ಮೇಲೆಯೇ ಕರೆಂಟು ಹಾಕಿಸಿದೆ. ಏಸಿಯ ತಿರುಗಿಸುವ ಗುಬ್ಬಿಯನ್ನು ಬರೀ ಫ್ಯಾನಿಗೆ ಇಡಿಸಿದಾಗ ಬಲ್ಬು ಹತ್ತಲಿಲ್ಲ. ತಂಪಿಗೆ ತಿರುಗಿಸಿದಾಗ ಹತ್ತಿತು. ಹಾಗಾದರೆ ತಪ್ಪಿರುವುದು ಫ್ಯಾನಿನಲ್ಲಲ್ಲ, ತಂಪು ಮಾಡುವ ಕಂಪ್ರೆಸರಿಗೆ ಹೋಗುವ ತಂತಿಯಲ್ಲಿ.

"ಈಗ ಕರೆಂಟು ಬಂದ್ ಮಾಡಿ ಹತ್ತು. ಒಂದು ಸ್ಕ್ರೂ ತೆಗೆ. ಇಳ್ದು ದೂರ ನಿಲ್ಲು" ಎಂದೆ. ನಿಮ್ಮ ಅಪ್ಪಯ್ಯ ತೆಗೆದ, ಇಳಿದ. ಕರೆಂಟು ಹಾಕಿಸಿದೆ. ಬಲ್ಬು ಹತ್ತಿತು. ಎರಡನೆಯದು. ಹತ್ತಿತು. ಪ್ರತಿ ಸಲ ಹತ್ತಿ ಇಳಿದು ಅವನ ಬೆನ್ನು ಬೆವರಿನಿಂದ ತೊಯ್ದಿತ್ತು. ನೆಂಟರು ಜಗಲಿಯ ಅಂಚಿನಲ್ಲಿ ಕೂತು ನೋಡುತ್ತಿದ್ದರು. ಅಡುಗೆಮನೆಯಲ್ಲಿ ಸಾರು ಹೊತ್ತಿದ ವಾಸನೆ ಬಂತು, ಯಾರೂ ಏಳಲಿಲ್ಲ. ನಿಮ್ಮ ಅಜ್ಜ ಬೆನ್ನು ತಿರುಗಿಸಿ ಗೇಟಿನ ಹತ್ತಿರ ನಿಂತಿದ್ದರು. ನಾಲ್ಕನೆಯ ಸ್ಕ್ರೂ ಆದಾಗ ತಿರುಗದೆಯೇ ಕೇಳಿದರು, "ಎಂಟೂ ತೆಗದಾದ್ಮೇಲೆ ಮಳೆ ಬಂದ್ರೆ ಸೆರಗು ಮುಚ್ಚತ್ರನ?"

ಐದನೆಯ ಸ್ಕ್ರೂ ತೆಗೆದು ಅವನು ಇಳಿದ. ಕರೆಂಟು ಹಾಕಿಸಿದೆ. ಬಲ್ಬು ಹತ್ತಲಿಲ್ಲ.

ಆ ಸ್ಕ್ರೂವನ್ನು ಕೈಗೆ ತೆಗೆದುಕೊಂಡು ನೋಡಿದೆ. ತುದಿ ಸುಟ್ಟು ಕಪ್ಪಾಗಿತ್ತು, ತುದಿಗೆ ಕೂದಲಷ್ಟು ತಾಮ್ರ ಅಂಟಿತ್ತು. ಮುಚ್ಚಿಗೆ ಬಿಚ್ಚಿ ನೋಡಿದಾಗ ಎಲ್ಲರಿಗೂ ಕಂಡಿತು: ತಗಡನ್ನು ದಾಟಿ, ಏಸಿಯ ಮುಚ್ಚಳವನ್ನೂ ದಾಟಿ, ಅದರ ಒಳಗೆ ಹಾಯುವ ತಂತಿಯ ನಡುಮಧ್ಯಕ್ಕೆ ಸ್ಕ್ರೂ ನೆಟ್ಟಿತ್ತು. ಗಾಡಿ ಮಾರಿದವನ ಮೋಸವಿರಲಿಲ್ಲ, ಇಲಿ ಕಡಿದಿರಲಿಲ್ಲ. ಮಳೆಯಿಂದ ಕಾಪಾಡಲು ಹೊಡೆದ ಸ್ಕ್ರೂ.

ಇಲ್ಲಿ ನಾನು ನಿಲ್ಲಬಹುದಿತ್ತು. ಸ್ಕ್ರೂವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ತಂತಿ ಹಳೆಯದಾಗಿತ್ತು ಎಂದು ಹೇಳಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಿಮ್ಮ ಆಯಿ ದೂರದಿಂದ ಕಣ್ಣಲ್ಲೇ ಅದನ್ನು ಬೇಡುತ್ತಿದ್ದಳು. ನಾನು ಬೇಕೆಂದೇ ಕಾಣದವಳ ಹಾಗೆ ಮಾಡಿದೆ. ನೇರ ಹೋಗಿ ಆರತಿಯ ತಟ್ಟೆಯಲ್ಲಿ, ಕುಂಕುಮದ ಬಟ್ಟಲಿನ ಪಕ್ಕದಲ್ಲಿ, ಸ್ಕ್ರೂ ಇಟ್ಟೆ.

"ಭಾವ, ಇದು ನಿಂಗಳದ್ದು" ಎಂದೆ. "ಕತ್ತರಿಸಿದ ಹಸ್ರು ತಂತಿನೂ ನಿಂಗಳದ್ದೇ. ಆನು ನಾಲ್ಕು ನಿಮಿಷ ತಡ ಮಾಡಿದ್ರೆ ಕೂಸಿನ ಕೈ ಆ ಹಿಡಿಕೆ ಮೇಲೆ ಇರ್ತಿತ್ತು."

ಅವರು ಸ್ಕ್ರೂ ನೋಡಿದರು. ನಿನ್ನನ್ನು ನೋಡಿದರು. ಒಂದು ಕ್ಷಣ ಅವರ ತುಟಿ ನಡುಗಿದ್ದನ್ನು ನಾನು ಕಂಡಿದ್ದೇನೆ, ಅದನ್ನೂ ಬರೆಯಬೇಕು. ಆಮೇಲೆ ಅವರ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು.

"ಯನ್ನ ಅಂಗಳದಲ್ಲಿ, ಯನ್ನ ನೆಂಟರ ಎದುರಿಗೆ, ಯನ್ನ ಚಪ್ಪಲಿ ಹಾಕ್ಯಂಡು ಯನ್ನ ಮರ್ಯಾದಿ ತೆಗದ್ರಿ. ಪುಣ್ಯ ಕಟ್ಕಂಡ್ರಿ. ಇನ್ನು ನಿಂಗೊ ಈ ಅಂಗಳಕ್ಕೆ ಬಪ್ಪದು ಬೇಡ."

ನಾನು ಚಪ್ಪಲಿಗಳನ್ನು ರಂಗೋಲಿಯ ನಡುವೆ ಬಿಟ್ಟೆ. ಒಳಗೆ ಹೋಗಿ ಚೀಲ ತೆಗೆದುಕೊಂಡೆ. ಸಾರು ಸುಟ್ಟಿತ್ತು, ಒಲೆ ಆರಿಸಿ ಹೊರಟೆ. ನಿಮ್ಮ ಆಯಿ ಗೇಟಿನವರೆಗೆ ಬಂದಳು. "ಆ ಸ್ಕ್ರೂ ತಟ್ಟೇಲಿ ಇಡಕಾಗಿತ್ತನ ಆಯಿ?" ಎಂದಳು. ಅಳುತ್ತಿದ್ದಳು. ಮಗಳು ಬದುಕಿದ್ದಕ್ಕೆ ಅತ್ತಳೋ, ಇನ್ನು ಆ ಮನೆಯಲ್ಲಿ ಬದುಕಬೇಕಾದ್ದಕ್ಕೆ ಅತ್ತಳೋ ನನಗೆ ಗೊತ್ತಿಲ್ಲ. ಎರಡಕ್ಕೂ ಇರಬಹುದು.

ಒಂದು ವಾರದ ಮೇಲೆ ನಿಮ್ಮ ಅಪ್ಪಯ್ಯ ತಂತಿ ಬದಲಿಸಿ, ಹಸಿರು ತಂತಿಯನ್ನು ಮತ್ತೆ ಕೂಡಿಸಿ, ಅದಕ್ಕೆ ಇದ್ದಿಲು ಉಪ್ಪು ಹಾಕಿ ನೆಲದಲ್ಲಿ ಬೇರೆ ಗುಂಡಿಯನ್ನೇ ತೋಡಿಸಿದನೆಂದು ಫೋನು ಮಾಡಿ ಹೇಳಿದ. ಬಲ್ಬು ಹಿಡಿದು ನೋಡಿದೆಯೋ ಎಂದು ಕೇಳಿದೆ. ನೋಡಿದೆ ಎಂದ. ಬೇರೆ ಮುಹೂರ್ತ ಹುಡುಕಿ ಪೂಜೆಯೂ ಆಯಿತು. ನನ್ನನ್ನು ಕರೆಯಲಿಲ್ಲ. ಆ ಹವಾಯಿ ಚಪ್ಪಲಿಯನ್ನು ನಿಮ್ಮ ಅಜ್ಜ ಮತ್ತೆ ಮೆಟ್ಟಲಿಲ್ಲವಂತೆ, ಕೋಲಿನಿಂದ ಎತ್ತಿ ಹಳ್ಳಕ್ಕೆ ಎಸೆಸಿದರಂತೆ. ನೆಂಟರಲ್ಲಿ ಅವರು ಹೇಳಿಕೊಂಡು ಬಂದ ಮಾತು ನನಗೂ ತಲುಪಿದೆ: ಗಾಡಿಯ ದೋಷವನ್ನು ಅವರೇ ಕಂಡುಹಿಡಿದದ್ದು, ನಾನು ಪೂಜೆಗೆ ವಿಘ್ನ ಮಾಡಿದ್ದು. ಹೇಳಿಕೊಳ್ಳಲಿ. ನೀನು ಈಗ ಏಳನೇ ಇಯತ್ತೆ, ನಾನು ಓದಿದಷ್ಟು ಓದಿದ್ದೀಯೆ, ಇದನ್ನೂ ಓದಿ ನೀನೇ ತೂಗಿ ನೋಡು.

ಆದರೆ ಕಳೆದ ವಾರ ಅದೇ ಫೋನಿನಲ್ಲಿ ನೀನು ಇನ್ನೊಂದು ಮಾತು ಹೇಳಿದೆ. ಅಜ್ಜ ಗಾಡಿ ಹತ್ತುವ ಮೊದಲು ಪ್ರತಿ ಸಲ ಬಾಗಿಲಿಗೆ ಹಿಂಗೈ ತಾಗಿಸಿ ನೋಡುತ್ತಾರೆ, ಬಾಡಿಗೆಗೆ ಬರುವವರಿಗೂ ಹಾಗೇ ಮಾಡಲು ಹೇಳುತ್ತಾರೆ, ಎಂತಕ್ಕೆ ಎಂದು ಕೇಳಿದರೆ "ಯಾರೋ ಹೇಳಿದ್ದು" ಎನ್ನುತ್ತಾರೆ ಎಂದು. ನಾನು ಅವರಿಗೆ ಅದನ್ನು ಹೇಳಿಕೊಟ್ಟಿಲ್ಲ. ನಿಮ್ಮ ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದ್ದೆ, ಅವನು ಹೇಳಿರಬೇಕು. ಮೂಲದಲ್ಲಿ ಅದು ತಂತಿ ಸುತ್ತುವವನ, ನಿಮ್ಮ ಸಿದ್ದಾಪುರದ ಅಜ್ಜನ, ಮಾತು. ಆ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ ದಿನ ನಾನು ಯಲ್ಲಾಪುರದ ಬಸ್ಸು ಹತ್ತುತ್ತೇನೆ. ಅಲ್ಲಿಯವರೆಗೆ ರಜೆಯಲ್ಲಿ ನೀವೇ ಇಲ್ಲಿಗೆ ಬನ್ನಿ. ನಿಮ್ಮ ಬಚ್ಚಲಿನ ಆ ಹಳೆಯ ಬಲ್ಬು ಹೋಲ್ಡರಿನ ಸಮೇತ ನನ್ನ ಹತ್ತಿರವೇ ಇದೆ, ಬರುವಾಗ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಅವರು ಅದನ್ನು ವಾಪಸು ಕೇಳಿಲ್ಲ, ನಾನೂ ಕೊಟ್ಟಿಲ್ಲ. ಅದರಲ್ಲಿ ಹೇಗೆ ಪರೀಕ್ಷೆ ಮಾಡುವುದೆಂದು ನಿಮಗಿಬ್ಬರಿಗೂ ಕಲಿಸುತ್ತೇನೆ.